ಕುಣಿತ ನಿಂತಿತು, ಸಾಲ ತೀರಿಲ್ಲ

"ಕರಡಿ ಕುಣಿಸುವುದು ನಿಂತು ಎಷ್ಟು ವರ್ಷವಾಯಿತು, ಇನ್ನೂ ದೇಣಿಗೆ ಯಾಕೆ?" ಎಂದು ಲಂಡನ್ನಿನ ನಮ್ಮವರು ಕೇಳುತ್ತಾರೆ. ಲೆಕ್ಕ ನನ್ನ ಕಸುಬು, ಲೆಕ್ಕದಲ್ಲೇ ಉತ್ತರಿಸುತ್ತೇನೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ನಮ್ಮ ಊರುಕೇರಿಗಳು ಚಿಲ್ಲರೆ ಎಸೆದು ನೋಡಿದ ಆಟವಿದು. ಬೀದಿಯಲ್ಲಿ ಕುಣಿಯುತ್ತಿದ್ದ ಕೊನೆಯ ಕರಡಿಯೆಂದು ಹೆಸರಾದ ರಾಜು, ಬೆಂಗಳೂರಿನ ಪಕ್ಕದ ಬನ್ನೇರುಘಟ್ಟದ ಆಶ್ರಯಕ್ಕೆ ಬಂದದ್ದು 2009ರಲ್ಲಿ. ಮರಿಯಿದ್ದಾಗಲೇ ಮೂತಿಗೆ ಕಾದ ಸಲಾಕೆ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದ ಪ್ರಾಣಿ ಕಾಡಿಗೆ ಮರಳಲಾರದು. ಆರೈಕೆಯಲ್ಲಿ ಅದು ಇಪ್ಪತ್ತೈದು ವರ್ಷ ಬದುಕಬಲ್ಲದು. ಅಷ್ಟೂ ದಿನ ಗಂಜಿ, ಹಣ್ಣು, ಜೇನು. ಮುಪ್ಪಿನಲ್ಲಿ ಕಣ್ಣಿಗೆ, ಕೀಲಿಗೆ ಔಷಧ. ಬಿಡಿಸುವುದು ಒಂದು ದಿನದ ಖರ್ಚು, ಸಾಕುವುದು ದೀರ್ಘಾವಧಿಯ ಹೊಣೆ. ನಾವೋ, ಹಗ್ಗ ಕತ್ತರಿಸುವ ವಿಡಿಯೋಗೆ ಹಣ ಕೊಡುತ್ತೇವೆ, ಗಂಜಿಗೆ ಕೊಡುವುದಿಲ್ಲ.

ಇನ್ನೊಂದು ಬಾಬ್ತು, ಕರಡಿ ಒಪ್ಪಿಸಿದ ಕಲಂದರ್ ಕುಟುಂಬಗಳದು. ಅವರಿಗೆ ಬೇರೆ ದುಡಿಮೆ, ಮಕ್ಕಳಿಗೆ ಶಾಲೆ ಸಿಗದಿದ್ದರೆ ಹಗ್ಗ ಮತ್ತೆ ಹೊಸೆಯುತ್ತದೆ. ಅದು ದಾನವಲ್ಲ, ಹೂಡಿಕೆ.

ಒಮ್ಮೆ ಕೊಟ್ಟು ಮರೆಯುವ ದೊಡ್ಡ ಚೆಕ್ಕಿಗಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ ಮೇಲು. ಕೊನೆಯ ಮುದಿ ಕರಡಿ ಕಣ್ಣು ಮುಚ್ಚುವವರೆಗೆ ಈ ಖಾತೆ ಮುಚ್ಚುವಂತಿಲ್ಲ.