ನಾಲ್ಕು ಜನ ನೋಡಿದರೆ ಏನಾಗುತ್ತದೆ?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಂಥ ತಾಲ್ಲೂಕು ಕೇಂದ್ರಗಳ ಯಾವ ಪದವಿಪೂರ್ವ ಕಾಲೇಜಿನಲ್ಲಿ ವಿಚಾರಿಸಿದರೂ ತರಗತಿಗೆ ಒಬ್ಬಿಬ್ಬರು ಸಿಗುತ್ತಾರೆ. ಉತ್ತರ ಗೊತ್ತಿದ್ದರೂ ಕೈ ಎತ್ತದವರು, ಸೆಮಿನಾರಿಗೆ ತಮ್ಮ ಸರದಿ ಬಂದ ದಿನವೇ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುವವರು, ಕಂಡಕ್ಟರಿಗೆ ‘ಇಲ್ಲೇ ಇಳೀತೀನಿ’ ಎನ್ನಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದು ಬರುವವರು. ಇವರ ಮೇಲೆ ಮನೆಯವರ ದೂರಿಲ್ಲ. ಹುಡುಗಿಯಾದರೆ ‘ತಲೆ ಎತ್ತಿ ಮಾತಾಡಲ್ಲ, ಬಂಗಾರದಂಥ ಹುಡುಗಿ’ ಎನ್ನುತ್ತಾರೆ. ಹುಡುಗನಾದರೆ ‘ಪಾಪದವನು, ತಾನಾಯಿತು ತನ್ನ ಪಾಡಾಯಿತು’ ಎಂದು ಸುಮ್ಮನಾಗುತ್ತಾರೆ. ಮನೋವೈದ್ಯರು ಸಾಮಾಜಿಕ ಆತಂಕ ಎನ್ನುವ ತೊಂದರೆ ನಮ್ಮಲ್ಲಿ ಬೆಳೆಯುವುದು ಈ ಹೊಗಳಿಕೆಯ ನೆರಳಿನಲ್ಲಿ. ಗದ್ದಲ ಮಾಡುವ ಕಾಯಿಲೆಯನ್ನು ಊರು ಗುರುತಿಸುತ್ತದೆ. ಬಾಯಿ ಮುಚ್ಚಿಸುವ ಕಾಯಿಲೆ ಮಾತ್ರ ಒಳ್ಳೆಯ ನಡತೆಯ ಲೆಕ್ಕಕ್ಕೆ ಸೇರಿಹೋಗುತ್ತದೆ.

ಸಂಕೋಚ ಮನುಷ್ಯನ ಸ್ವಭಾವ, ಅದಕ್ಕೂ ಕಾಯಿಲೆಯ ಹಣೆಪಟ್ಟಿ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಲಂಡನ್ನಿನ ಮನೋವೈದ್ಯ ಐಸಾಕ್ ಮಾರ್ಕ್ಸ್ 1960ರ ದಶಕದಲ್ಲಿ ಈ ಭಯವನ್ನು ಉಳಿದ ಭಯಗಳಿಂದ ಬೇರ್ಪಡಿಸಿ ವಿವರಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಸಿಕ್ಕಿತು. ಆದರೆ ಮಿತಭಾಷಿಗಳೆಲ್ಲ ರೋಗಿಗಳೆಂದು ಅವರಾರೂ ಹೇಳಿಲ್ಲ. ಒಬ್ಬನಿಗೆ ಜನಜಂಗುಳಿ ಬೇಡ, ಒಬ್ಬನೇ ಇದ್ದು ಸುಖವಾಗಿದ್ದಾನೆ ಎಂದರೆ ಅದು ಸ್ವಭಾವ. ಇನ್ನೊಬ್ಬನಿಗೆ ಓದಬೇಕು, ಕೆಲಸಕ್ಕೆ ಸೇರಬೇಕು, ಗೆಳೆಯರು ಬೇಕು. ಆದರೆ ವೈವಾ, ಸಂದರ್ಶನ, ಬ್ಯಾಂಕಿನ ಕೌಂಟರು, ಮದುವೆಮನೆಯ ಪಂಕ್ತಿ ಎಲ್ಲದರಿಂದಲೂ ತಪ್ಪಿಸಿಕೊಂಡು, ಬೇಕಾದದ್ದನ್ನೇ ಬಿಟ್ಟುಕೊಡುತ್ತಾನೆ. ಅಲ್ಲಿ ನೆರವು ಬೇಕು. ಇದು ಸಾಮಾನ್ಯವಾಗಿ ಹದಿಹರೆಯದಲ್ಲಿ, ಎಷ್ಟೋ ಸಲ ಅದಕ್ಕೂ ಮೊದಲೇ ಶುರುವಾಗುತ್ತದೆ. ವಿಷಯ ಆಯ್ಕೆ, ಕಾಲೇಜು, ಉದ್ಯೋಗದ ತೀರ್ಮಾನಗಳೆಲ್ಲ ಆಗುವುದು ಅದರ ನಂತರವೇ. ಭಯ ಬದುಕಿನ ದಿಕ್ಕನ್ನೇ ಗೊತ್ತುಮಾಡುವುದು ಹೀಗೆ.

ವರ್ಷಗಟ್ಟಲೆ ಜನರ ನಡುವೆಯೇ ಇದ್ದರೂ ಜನರ ಭಯ ಹೋಗುವುದಿಲ್ಲವೇಕೆ? ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಕೊಟ್ಟ ಉತ್ತರ ನನಗೆ ಇಂದಿಗೂ ಅತ್ಯಂತ ಸಮರ್ಪಕವಾಗಿ ಕಾಣುತ್ತದೆ. ಸೆಮಿನಾರಿಗೆ ಎದ್ದುನಿಂತ ಹುಡುಗಿಯನ್ನು ಗಮನಿಸಿ. ಕೈ ನಡುಗುವುದು ಕಾಣದಿರಲೆಂದು ಹಾಳೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಾಳೆ. ಯಾರ ಕಣ್ಣಿಗೂ ಕಣ್ಣು ಕೊಡದೆ, ಬೇಗ ಮುಗಿಸಲೆಂದು ಒಂದೇ ಉಸಿರಿಗೆ ಓದುತ್ತಾಳೆ. ಒಳಗೊಳಗೇ ಮುಂದಿನ ಸಾಲನ್ನು ಹೇಳಿ ನೋಡಿಕೊಳ್ಳುತ್ತಾಳೆ. ಅವಳ ಗಮನವೆಲ್ಲ ತನ್ನ ಎದೆಬಡಿತ, ಬಿಸಿಯಾದ ಕೆನ್ನೆ, ಒಣಗಿದ ಗಂಟಲಿನ ಮೇಲೆ. ಒಳಗೆ ಇಷ್ಟು ಗಲಿಬಿಲಿಯಾಗುತ್ತಿದ್ದರೆ ಹೊರಗೂ ಅಷ್ಟೇ ಕಾಣುತ್ತಿರಬೇಕು ಎಂಬುದು ಅವಳ ಊಹೆ. ಎದುರು ಕೂತವರಲ್ಲಿ ಒಬ್ಬಳು ಆಸಕ್ತಿಯಿಂದ ಕೇಳುತ್ತಿದ್ದಾಳೆ, ಇಬ್ಬರು ಕಿಟಕಿಯಾಚೆ ನೋಡುತ್ತಿದ್ದಾರೆ. ತಲೆ ಎತ್ತದ ಇವಳಿಗೆ ಅದು ತಿಳಿಯುವುದೇ ಇಲ್ಲ. ಕೊನೆಗೆ ಏನೂ ಅನಾಹುತವಾಗದೆ ಮುಗಿದರೂ, ಹಾಳೆ ಬಿಗಿಹಿಡಿದದ್ದಕ್ಕೆ ಬಚಾವಾದೆ ಎಂದುಕೊಳ್ಳುತ್ತಾಳೆ. ರಕ್ಷಣೆಗೆಂದು ಮಾಡಿಕೊಂಡ ಉಪಾಯವೇ ಭಯಕ್ಕೆ ಗೊಬ್ಬರ ಹಾಕುತ್ತದೆ. ಇಷ್ಟು ಅರ್ಥವಾದರೆ ‘ಧೈರ್ಯವಾಗಿರು’ ಎಂಬ ಬುದ್ಧಿವಾದ ಯಾಕೆ ವ್ಯರ್ಥ ಎಂಬುದೂ ಅರ್ಥವಾಗುತ್ತದೆ. ಅವಳು ಎದ್ದುನಿಂತಿದ್ದಾಳೆ. ಧೈರ್ಯಕ್ಕೆ ಕೊರತೆಯಿಲ್ಲ.

ಇನ್ನೊಂದು ಸಮಾಧಾನವೂ ಪ್ರಚಾರದಲ್ಲಿದೆ: ‘ನಿನ್ನನ್ನು ಯಾರೂ ನೋಡುತ್ತಿಲ್ಲ, ಎಲ್ಲರಿಗೂ ಅವರವರದೇ ಚಿಂತೆ.’ ಇದಕ್ಕೆ ಆಧಾರವಿಲ್ಲದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಗಾಯಕನೊಬ್ಬನ ಚಿತ್ರವಿದ್ದ, ಮುಜುಗರ ತರುವ ಟೀ ಶರ್ಟು ತೊಡಿಸಿ ವಿದ್ಯಾರ್ಥಿಗಳನ್ನು ಸಹಪಾಠಿಗಳ ನಡುವೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದವರು ಕಾಲುಭಾಗದಷ್ಟು. ಆದರೆ ಈ ಫಲಿತಾಂಶವನ್ನು ಹಾಗೆಯೇ ತಂದು ಆನವಟ್ಟಿಗೋ ಶಿರಾಳಕೊಪ್ಪಕ್ಕೋ ಅನ್ವಯಿಸುವುದನ್ನು ನಾನು ಒಪ್ಪಲಾರೆ. ಯಾರ ಮಗಳು ಯಾವ ಬಸ್ಸು ಹತ್ತಿದಳು ಎಂಬುದು ಅವಳು ಮನೆ ಮುಟ್ಟುವ ಮೊದಲೇ ಮನೆಗೆ ಗೊತ್ತಾಗುವ ಊರುಗಳಿವು. ಇಲ್ಲಿ ನೋಡುತ್ತಾರೆ, ಆಡಿಕೊಳ್ಳುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ. ಹುಡುಗಿಯೊಬ್ಬಳು ಎಡವಿದರೆ ಅವಳ ತಂಗಿಯ ಮದುವೆಯ ಮಾತಿಗೂ ಅದು ಅಡ್ಡ ಬರಬಹುದು. ದಲಿತ ಹುಡುಗನಿಗೆ ತನ್ನ ಮೇಲೆ ಬಿದ್ದ ಕಣ್ಣು ಕಲ್ಪನೆಯಲ್ಲ ಎಂಬುದು ಅನುಭವದಿಂದಲೇ ತಿಳಿದಿದೆ. ಅವನಿಗಾದ ಅವಮಾನಕ್ಕೆ ಮದ್ದು ಅವನ ಮನಸ್ಸನ್ನು ತಿದ್ದುವುದಲ್ಲ, ಅವಮಾನಿಸಿದವರನ್ನು ತಡೆಯುವುದು. ಅನ್ಯಾಯವನ್ನು ಆತಂಕವೆಂದು ಕರೆಯುವ ವೈದ್ಯ ತಪ್ಪು ರೋಗಿಗೆ ಮದ್ದು ಕೊಡುತ್ತಿರುತ್ತಾನೆ. ಆದ್ದರಿಂದ ನಮ್ಮ ಊರುಗಳ ಮಕ್ಕಳಿಗೆ ಯಾರೂ ನೋಡುತ್ತಿಲ್ಲ ಎಂಬ ಭರವಸೆ ಸಾಲದು. ನೋಡಿದರೂ, ಒಬ್ಬಿಬ್ಬರು ನಕ್ಕರೂ, ಹೇಳಬೇಕಾದ್ದನ್ನು ಹೇಳಿ ಮುಗಿಸಬಲ್ಲೆ ಎಂಬ ಅನುಭವ ಅವರಿಗೆ ಬೇಕು.

ಈ ಮಾತಿಗೆ ಹೊರಗಿನ ಸಾಕ್ಷಿಯಷ್ಟೇ ಅಲ್ಲ, ಇದೇ ನೆಲದ ಸಾಕ್ಷಿಯೂ ಉಂಟು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವು, ಶಿರಾಳಕೊಪ್ಪದ ಆಸುಪಾಸಿನವು. ಕನ್ನಡದಲ್ಲಿ ತುಂಬಿದ ಸಭೆಯ ಮುಂದೆ ಒಬ್ಬ ವ್ಯಕ್ತಿ ಪರೀಕ್ಷೆಗೆ ನಿಂತ ಅತಿ ದೊಡ್ಡ ಪ್ರಸಂಗ ನಡೆಯುವುದು ಈ ಇಬ್ಬರ ನಡುವೆಯೇ, ಕಲ್ಯಾಣದ ಅನುಭವ ಮಂಟಪದಲ್ಲಿ. ಅದನ್ನು ಹೇಳುವ ಶೂನ್ಯಸಂಪಾದನೆ ಸಂಕಲನಗೊಂಡದ್ದು 15ನೇ ಶತಮಾನದಲ್ಲಿ, ಹಾಗಾಗಿ ಚರಿತ್ರೆಯ ವರದಿಯೆಂದು ಓದಲಾಗದು. ಆದರೆ ಕನ್ನಡ ಮನಸ್ಸು ಅದನ್ನು ಹೇಗೆ ಕಲ್ಪಿಸಿಕೊಂಡಿತು ಎಂಬುದು ಮುಖ್ಯ. ಅಲ್ಲಿ ಯಾರೂ ಅಕ್ಕನಿಗೆ ನಿನ್ನನ್ನು ನೋಡುತ್ತಿಲ್ಲ ಎಂದು ಹೇಳುವುದಿಲ್ಲ. ಎಲ್ಲರೂ ನೋಡುತ್ತಿದ್ದಾರೆ. ಉಡುಗೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮ ನೇರವಾಗಿಯೇ ಕೇಳುತ್ತಾನೆ. ಅಕ್ಕ ನಿಂತು ಒಂದೊಂದಕ್ಕೂ ಉತ್ತರಿಸುತ್ತಾಳೆ. ‘ಅಕ್ಕನಂತಾಗು’ ಎಂದು ಅಂಜುವ ಹುಡುಗಿಗೆ ಉಪದೇಶಿಸಲು ನಾನಿದನ್ನು ಹೇಳುತ್ತಿಲ್ಲ. ಮಹಾತ್ಮರನ್ನು ಅಳತೆಗೋಲಾಗಿ ಹಿಡಿದರೆ ಅಂಜುವವರು ಇನ್ನಷ್ಟು ಕುಗ್ಗುತ್ತಾರೆ. ನಾನು ನೋಡುವುದು ಆ ಸಭೆಯ ಕಡೆಗೆ. ಅದು ಕಠಿಣವಾಗಿ ಕೇಳಿತು, ಆದರೆ ಉತ್ತರಕ್ಕೆ ಕಾದಿತು, ಉತ್ತರವನ್ನು ಗೌರವಿಸಿತು. ನಮ್ಮ ತರಗತಿಗಳು ಕೇಳುತ್ತವೆ, ಕಾಯುವುದಿಲ್ಲ.

ಇನ್ನು ಹೊರಗಿನ ಸಾಕ್ಷಿ. ಜಪಾನಿನ ಮನೋವೈದ್ಯ ಮೊರಿಟಾ ಶೋಮಾ (1874–1938) ತಮ್ಮಿಂದ ಎದುರಿಗಿನವರಿಗೆ ಮುಜುಗರವಾದೀತೆಂದು ಅಂಜುವ ಜನರನ್ನು ಕಂಡು, ಭಯ ಹೋದ ಮೇಲೆ ಕೆಲಸಕ್ಕಿಳಿಯುತ್ತೇನೆ ಎಂಬ ಕ್ರಮವನ್ನೇ ತಿರುಗಿಸಿದರು: ಭಯ ಇರಲಿ, ಕೆಲಸ ನಡೆಯಲಿ. ಇಂದಿನ ಅರಿವು-ವರ್ತನೆ ಚಿಕಿತ್ಸೆಯ ತಿರುಳೂ ಇದಕ್ಕೆ ದೂರವಲ್ಲ. 2014ರಲ್ಲಿ 101 ಚಿಕಿತ್ಸಾ ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆ, ಸಾಮಾಜಿಕ ಆತಂಕಕ್ಕೆ ಮೊದಲು ಕೊಡಬೇಕಾದದ್ದು ಈ ಚಿಕಿತ್ಸೆಯನ್ನೇ ಎಂದು ತೀರ್ಮಾನಿಸಿತು. ಅದರಲ್ಲಿ ಮಂತ್ರವಿಲ್ಲ. ಈ ವಾರ ಅಂಗಡಿಯಲ್ಲಿ ಬೆಲೆ ಕೇಳಿ ಏನೂ ಕೊಳ್ಳದೆ ಬರುವುದು, ಮುಂದಿನ ವಾರ ತರಗತಿಯಲ್ಲಿ ಒಂದು ಪ್ರಶ್ನೆ ಕೇಳುವುದು, ಆಮೇಲೆ ಹಾಳೆಯಿಲ್ಲದೆ ಎರಡು ನಿಮಿಷ ಮಾತಾಡುವುದು. ಪ್ರತಿ ಸಲವೂ ಹಳೆಯ ಉಪಾಯ ಒಂದನ್ನು ಬೇಕೆಂದೇ ಕೈಬಿಡಬೇಕು, ಗಮನವನ್ನು ತನ್ನ ಎದೆಯಿಂದ ಎದುರಿನವರ ಮುಖಕ್ಕೆ ತರಬೇಕು, ಭಯ ಇಳಿಯುವ ಮೊದಲೇ ಓಡಿಬರಬಾರದು. ತಮ್ಮದೇ ವಿಡಿಯೊ ನೋಡಿದ ಎಷ್ಟೋ ಮಂದಿಗೆ, ತಾವು ಅಂದುಕೊಂಡಷ್ಟು ನಡುಕ ಹೊರಗೆ ಕಾಣುವುದಿಲ್ಲ ಎಂಬುದೇ ದೊಡ್ಡ ಅಚ್ಚರಿ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಇರುವ ಕಾರಣಕ್ಕೋ ಏನೋ, ನಾಟಕ ಮಾಡಿಸಿದರೆ ಸಭಾಕಂಪ ಹೋಗುತ್ತದೆಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಅದು ಅರ್ಧ ನಿಜ. ರಂಗದ ಮೇಲೆ ಆಡುವುದು ಪಾತ್ರದ ಮಾತು, ಅಂಜಿಕೆ ಇರುವುದು ಸ್ವಂತ ಮಾತಿನ ಬಗ್ಗೆ. ಆತಂಕ ತೀವ್ರವಾಗಿ ಕಾಡುತ್ತಿರುವವರಿಗೆ ವೈದ್ಯರು ಕೊಡುವ ಮಾತ್ರೆಗಳು ಕೆಲವು ವಾರಗಳ ಬಳಿಕ ನೆರವಾಗುತ್ತವೆ. ಮದುವೆಮನೆಗೆ ಹೋಗುವ ಮುಂಚೆ ಧೈರ್ಯಕ್ಕೆಂದು ಒಂದು ಪೆಗ್ ಹಾಕುವುದು ಮಾತ್ರ ಒಂದು ಕಾಯಿಲೆಗೆ ಇನ್ನೊಂದನ್ನು ಕಟ್ಟಿಕೊಂಡಂತೆ.

ತಾಲ್ಲೂಕಿನಲ್ಲಿ ಇಂಥ ಚಿಕಿತ್ಸಕರೆಲ್ಲಿ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ತೊಂದರೆಗಳಿದ್ದವರಲ್ಲಿ ಸುಮಾರು ಶೇಕಡಾ 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಶಿವಮೊಗ್ಗ ಜಿಲ್ಲೆಗೆ ಒಂದು ಭಾಗ್ಯವಿತ್ತು. ಡಾ. ಅಶೋಕ್ ಪೈ ಅಲ್ಲಿ ಮಾನಸ ಆಸ್ಪತ್ರೆ ಕಟ್ಟಿದರು, ‘ಕಾಡಿನ ಬೆಂಕಿ’ಯಂಥ ಚಿತ್ರಗಳ ಮೂಲಕವೂ ಮನಸ್ಸಿನ ಕಾಯಿಲೆಯನ್ನು ಸಾಮಾನ್ಯ ಮಾತುಕತೆಗೆ ತಂದರು. 2016ರಲ್ಲಿ ಅವರು ತೀರಿಕೊಂಡರು. ಇಂದು ಜಿಲ್ಲಾ ಕೇಂದ್ರದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಷ್ಟು ದೂರ ಹೋಗಲಾಗದವರಿಗೆ, ಎದುರು ಕೂತು ಮಾತಾಡಲು ಅಂಜುವವರಿಗೆ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಆಪ್ತಸಲಹೆ ಸಿಗುತ್ತದೆ.

ಉಳಿದದ್ದು ಶಾಲೆ ಮತ್ತು ಮನೆಯ ಕೆಲಸ. ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟು: ಸೆಮಿನಾರಿನಿಂದ ಅಂಜುವವರಿಗೆ ವಿನಾಯಿತಿಯನ್ನೂ ಕೊಡಬೇಡಿ, ಎಲ್ಲರೆದುರು ನಿಲ್ಲಿಸಿ ಗದರಲೂ ಬೇಡಿ. ಮೊದಲು ಇಬ್ಬರ ಮುಂದೆ, ಆಮೇಲೆ ಒಂದು ಬೆಂಚಿನ ಮುಂದೆ, ನಂತರ ತರಗತಿಯ ಮುಂದೆ ಮಾತಾಡಿಸಿ. ನಗುವವರನ್ನು ಅಲ್ಲಿಯೇ ತಡೆಯಿರಿ. ತಂದೆತಾಯಂದಿರಲ್ಲಿ ಇನ್ನೂ ಚಿಕ್ಕ ಕೋರಿಕೆ. ನೆಂಟರೋ ಡಾಕ್ಟರೋ ಮಗುವನ್ನು ‘ನಿನ್ನ ಹೆಸರೇನಪ್ಪ’ ಎಂದು ಕೇಳಿದಾಗ ಅದರ ಪರವಾಗಿ ನೀವು ಉತ್ತರಿಸಬೇಡಿ. ಎಷ್ಟು ಹೊತ್ತಾದರೂ ಸರಿ, ಅದೇ ಹೇಳಲಿ.