ಮೂಳೆಯ ನ್ಯಾಯ ಮೃದ್ವಸ್ಥಿಗೆ ಸಲ್ಲದು

'ಭಾರ ಹೊತ್ತಷ್ಟೂ ಮೂಳೆ ಗಟ್ಟಿ. ಶಹಾಬಾದ್, ಚಿತ್ತಾಪುರದ ಕಲ್ಲುಗಣಿ ಕಾರ್ಮಿಕರ ಮಂಡಿನೋವಿಗೆ ವಯಸ್ಸು ಕಾರಣ, ಕೆಲಸವಲ್ಲ' ಎಂಬ ಲೇಖನವೊಂದರ ವಾದ ಅರ್ಧ ಮಾತ್ರ ಸರಿ. ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದರು. ತೂಕವಿಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ 1ರಷ್ಟು ಸವೆಯುವುದೂ ನಿಜ.

ಆದರೆ ಮಂಡಿ ಬರೀ ಮೂಳೆಯಲ್ಲ. ಅಲ್ಲಿನ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಒತ್ತಿ ಬಿಟ್ಟಾಗ ಒಳಸೇರುವ ಕೀಲುದ್ರವವೇ ಅದಕ್ಕೆ ಆಹಾರ. ನಡೆಯುವವರಿಗೆ ಆ ಬಿಡುವು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ದಿನವಿಡೀ ಕುಕ್ಕರಗಾಲಲ್ಲಿ ಕೂತು ಫರಸಿ ಕಲ್ಲು ಸೀಳುವವರಿಗೆ ಎಲ್ಲಿದೆ? ಮುರಿದ ಮೂಳೆ ಕೂಡುತ್ತದೆ, ಸವೆದ ಮೃದ್ವಸ್ಥಿ ಮತ್ತೆ ಮೊದಲಿನಂತಾಗದು. ವಯಸ್ಸೊಂದೇ ಕಾರಣವಾದರೆ, ಕುಕ್ಕರಿಸಿ, ಮಂಡಿಯೂರಿ, ಭಾರವೆತ್ತಿ ದುಡಿಯುವವರಲ್ಲೇ ಮಂಡಿಸವೆತ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಕಂಡದ್ದೇಕೆ? ವಯಸ್ಸನ್ನು ದೂರುವ ಬದಲು ಆ ಲೇಖಕರು ಗಣಿಮಾಲೀಕರಿಂದ ಭಾರವೆತ್ತುವ ಯಂತ್ರ, ನಿಂತು ಸೀಳಲು ಎತ್ತರದ ಕಟ್ಟೆ, ನಡುನಡುವೆ ವಿರಾಮ ಕೇಳಬೇಕಿತ್ತು.