ಜೆನೆಸಿಸ್ ಬ್ಯಾಂಡನ್ನು ‘ಹಾಳು ಮಾಡಿದ್ದು’ ಫಿಲ್ ಕಾಲಿನ್ಸ್ ಒಬ್ಬರೇನಾ? ಇಪ್ಪತ್ತು ನಿಮಿಷದ ರಾಕ್‌ನಿಂದ ನಾಲ್ಕು ನಿಮಿಷದ ಪಾಪ್‌ವರೆಗಿನ ನಿಜವಾದ ಕಥೆ

ಹಳೆಯ ಇಂಗ್ಲಿಷ್ ಹಾಡುಗಳನ್ನು ಇಷ್ಟಪಡುವವರ ನಡುವೆ ಒಂದು ಕಥೆ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಅದರ ಸಾರ ಇಷ್ಟು: ಇಂಗ್ಲೆಂಡಿನಲ್ಲಿ ಜೆನೆಸಿಸ್ ಎಂಬ ಅದ್ಭುತ ಪ್ರೋಗ್ರೆಸಿವ್ ರಾಕ್ ಬ್ಯಾಂಡ್ ಇತ್ತು. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಹೊರನಡೆದರು. ಡ್ರಮ್ಸ್ ನುಡಿಸುತ್ತಿದ್ದ ಫಿಲ್ ಕಾಲಿನ್ಸ್ ಮೈಕ್ ಹಿಡಿದರು. ಅಲ್ಲಿಗೆ ಸಂಗೀತ ಮುಗಿಯಿತು, ದುಡ್ಡಿಗಾಗಿ ಮೆಲುದನಿಯ ಪಾಪ್ ಶುರುವಾಯಿತು.

ಕಥೆ ಚಿಕ್ಕದು, ಚೊಕ್ಕದು. ಒಬ್ಬ ನಾಯಕ, ಒಬ್ಬ ಖಳನಾಯಕ, ಒಂದು ಇಸವಿ. ಫಾರ್ವರ್ಡ್ ಮಾಡಲು ಹೇಳಿ ಮಾಡಿಸಿದಂತಿದೆ. ಆದರೆ ಇದು ಎಷ್ಟು ನಿಜ? ಆಲ್ಬಮ್‌ಗಳ ಇಸವಿ ಮತ್ತು ಹಾಡು ಬರೆದವರ ಹೆಸರುಗಳನ್ನು ಮುಂದಿಟ್ಟುಕೊಂಡು ನೋಡೋಣ.

ಮೊದಲಿಗೆ, ಪ್ರೋಗ್ರೆಸಿವ್ ರಾಕ್ ಎಂದರೇನು?

ಸಾಮಾನ್ಯ ಪಾಪ್ ಹಾಡು ಮೂರ್ನಾಲ್ಕು ನಿಮಿಷದ್ದು. ಚರಣ, ಪಲ್ಲವಿ, ಮತ್ತೆ ಚರಣ, ಮತ್ತೆ ಪಲ್ಲವಿ. ತಾಳ ಹೆಚ್ಚಾಗಿ ನಾಲ್ಕು ಎಣಿಕೆಯದು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ರಾಕ್ ಬ್ಯಾಂಡ್‌ಗಳು ಈ ಚೌಕಟ್ಟನ್ನು ಮುರಿದವು. ಹಾಡುಗಳು ಉದ್ದವಾದವು, ನಡುವೆ ತಾಳ ಬದಲಾಗತೊಡಗಿತು, ಸಾಹಿತ್ಯದಲ್ಲಿ ಪುರಾಣ ಮತ್ತು ಫ್ಯಾಂಟಸಿ ಕಥೆಗಳು ಬಂದವು. ಇದೇ ಪ್ರೋಗ್ರೆಸಿವ್ ರಾಕ್.

ಜೆನೆಸಿಸ್‌ನ 1972ರ ‘ಫಾಕ್ಸ್‌ಟ್ರಾಟ್’ ಆಲ್ಬಮ್‌ನಲ್ಲಿರುವ ‘ಸಪರ್ಸ್ ರೆಡಿ’ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 23 ನಿಮಿಷ, ಏಳು ಭಾಗಗಳು. ಅದರ ಒಂದು ಭಾಗದ ತಾಳ ಒಂಬತ್ತು ಎಣಿಕೆಯದು. ಆದಿತಾಳದ ಎಂಟಕ್ಕೆ ಒಗ್ಗಿದ ನಮ್ಮ ಕೈ ಮಿಶ್ರಛಾಪಿನ ಏಳಕ್ಕೆ ಬಂದಾಗ ಒಮ್ಮೆ ತಡವರಿಸುತ್ತದಲ್ಲ, ನಾಲ್ಕು ಎಣಿಕೆಯ ಪಾಪ್‌ಗೆ ಒಗ್ಗಿದವರಿಗೆ ಇದನ್ನು ಕೇಳಿದಾಗ ಹಾಗೆಯೇ ಆಗುತ್ತದೆ.

ಇದೇ ಬ್ಯಾಂಡ್ 1986ರಲ್ಲಿ ‘ಇನ್‌ವಿಸಿಬಲ್ ಟಚ್’ ಎಂಬ ಸರಳ, ಗುನುಗಿಕೊಳ್ಳುವಂತಹ ಹಾಡಿನಿಂದ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಂದರೆ ಬದಲಾವಣೆ ಆಗಿದ್ದು ನಿಜ. ಪ್ರಶ್ನೆ ಇರುವುದು ಯಾವಾಗ, ಯಾರಿಂದ, ಯಾಕೆ ಎಂಬುದರಲ್ಲಿ.

ಇಸವಿಗಳು ಏನು ಹೇಳುತ್ತವೆ?

ಕಥೆಯ ಪ್ರಕಾರ ಕಾಲಿನ್ಸ್ ಹಾಡತೊಡಗಿದ ಕೂಡಲೇ ಪಾಪ್ ಶುರುವಾಗಬೇಕಿತ್ತು. ಹಾಗಾಗಲಿಲ್ಲ. ಅವರು ಮುಖ್ಯ ಗಾಯಕರಾದ ಮೊದಲ ಎರಡು ಆಲ್ಬಮ್‌ಗಳಾದ ‘ಎ ಟ್ರಿಕ್ ಆಫ್ ದಿ ಟೇಲ್’ ಮತ್ತು ‘ವಿಂಡ್ ಆ್ಯಂಡ್ ವದರಿಂಗ್’ ಎರಡೂ 1976ರಲ್ಲಿ ಬಂದವು. ಎರಡೂ ಪ್ರೋಗ್ರೆಸಿವ್ ರಾಕ್ ಆಲ್ಬಮ್‌ಗಳೇ. ಮೊದಲನೆಯದರ ಆರಂಭದ ಹಾಡು ‘ಡ್ಯಾನ್ಸ್ ಆನ್ ಎ ವಾಲ್ಕೇನೋ’ ಏಳು ಎಣಿಕೆಯ ತಾಳದಲ್ಲಿ ಸಾಗುತ್ತದೆ.

ಇನ್ನು ಗೇಬ್ರಿಯಲ್ ಇದ್ದ ಕಾಲದಲ್ಲಿ ಮೃದುವಾದ ಹಾಡುಗಳೇ ಇರಲಿಲ್ಲವೇ? ಇದ್ದವು. 1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದಿ ಪೌಂಡ್’ ಆಲ್ಬಮ್‌ನ ‘ಮೋರ್ ಫೂಲ್ ಮೀ’ ಗಿಟಾರ್ ಜೊತೆಗಿನ ಮೆಲುದನಿಯ ಪ್ರೇಮಗೀತೆ. ಅದನ್ನು ಹಾಡಿದ್ದು ಕಾಲಿನ್ಸ್. ಆಗ ಗೇಬ್ರಿಯಲ್ ಬ್ಯಾಂಡ್‌ನಲ್ಲೇ ಇದ್ದರು.

ಇನ್ನೂ ಹಿಂದಕ್ಕೆ ಹೋದರೆ ಕಥೆ ಪೂರ್ತಿ ತಿರುಗಿಬೀಳುತ್ತದೆ. 1967ರಲ್ಲಿ ಸರ್‍ರೆ ಪ್ರಾಂತ್ಯದ ಚಾರ್ಟರ್‌ಹೌಸ್ ಶಾಲೆಯ ಹುಡುಗರು ಸೇರಿ ಈ ಬ್ಯಾಂಡ್ ಕಟ್ಟಿದರು. 1968ರಲ್ಲಿ ಬಂದ ಅವರ ಮೊದಲ ಸಿಂಗಲ್ ‘ದಿ ಸೈಲೆಂಟ್ ಸನ್’. ನಿರ್ಮಾಪಕ ಜೊನಾಥನ್ ಕಿಂಗ್ ಅವರಿಗೆ ಇಷ್ಟವಾಗಲೆಂದು ಬೀ ಜೀಸ್ ಶೈಲಿಯಲ್ಲಿ ಮಾಡಿದ ಹಾಡು ಅದು. ಬರೆದವರು ಗೇಬ್ರಿಯಲ್ ಮತ್ತು ಕೀಬೋರ್ಡ್ ನುಡಿಸುತ್ತಿದ್ದ ಟೋನಿ ಬ್ಯಾಂಕ್ಸ್. ಕಾಲಿನ್ಸ್ ಬ್ಯಾಂಡಿಗೆ ಸೇರಿದ್ದು 1970ರಲ್ಲಿ. ಅಂದರೆ ಜೆನೆಸಿಸ್ ಹುಟ್ಟಿದ್ದೇ ಪಾಪ್ ಹಾಡು ಬರೆಯುವವರ ಗುಂಪಾಗಿ.

ಮೊದಲ ದೊಡ್ಡ ಪಾಪ್ ಹಾಡು ಬರೆದವರು ಯಾರು?

1977ರಲ್ಲಿ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಕೂಡ ಹೊರಹೋದರು. ಉಳಿದವರು ಮೂವರು: ಬ್ಯಾಂಕ್ಸ್, ಕಾಲಿನ್ಸ್ ಮತ್ತು ಮೈಕ್ ರುದರ್‌ಫೋರ್ಡ್. 1978ರಲ್ಲಿ ಈ ಮೂವರು ಹೊರತಂದ ‘ಫಾಲೋ ಯೂ ಫಾಲೋ ಮೀ’ ಬ್ರಿಟನ್‌ನಲ್ಲಿ 7ನೇ ಸ್ಥಾನಕ್ಕೇರಿತು. ಅಲ್ಲಿ ಮೊದಲ ಹತ್ತರೊಳಗೆ ಬಂದ ಜೆನೆಸಿಸ್‌ನ ಮೊದಲ ಸಿಂಗಲ್ ಅದೇ. ಸರಳ ಪ್ರೇಮಗೀತೆ. ರಾಗ ಮೂವರೂ ಸೇರಿ ಹೆಣೆದದ್ದು, ಸಾಹಿತ್ಯ ರುದರ್‌ಫೋರ್ಡ್ ಅವರದು. ಅದಕ್ಕೂ ಮೊದಲು, 1976ರ ಆಲ್ಬಮ್‌ನಲ್ಲಿದ್ದ ‘ಯುವರ್ ಓನ್ ಸ್ಪೆಷಲ್ ವೇ’ ಎಂಬ ಮೃದು ಹಾಡು ಕೂಡ ರುದರ್‌ಫೋರ್ಡ್ ಬರೆದದ್ದೇ. ಮುಂದೆ ಇದೇ ರುದರ್‌ಫೋರ್ಡ್ ತಮ್ಮ ಇನ್ನೊಂದು ಬ್ಯಾಂಡ್ ‘ಮೈಕ್ ಆ್ಯಂಡ್ ದಿ ಮೆಕ್ಯಾನಿಕ್ಸ್’ ಮೂಲಕ ‘ದಿ ಲಿವಿಂಗ್ ಇಯರ್ಸ್’ ಹಾಡಿಗೆ 1989ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದರು.

ಇತ್ತ ‘ಖಳನಾಯಕ’ ಕಾಲಿನ್ಸ್ ಆ ವರ್ಷಗಳಲ್ಲಿ ಏನು ಮಾಡುತ್ತಿದ್ದರು? ಬಿಡುವಿನಲ್ಲಿ ‘ಬ್ರ್ಯಾಂಡ್ ಎಕ್ಸ್’ ಎಂಬ ಜಾಝ್ ಫ್ಯೂಷನ್ ಗುಂಪಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದರು. ಪಾಪ್‌ನಿಂದ ಬಹುದೂರದ, ಕ್ಲಿಷ್ಟ ಲಯಗಳ ಸಂಗೀತ ಅದು.

ಹಾಗಾದರೆ ಕಾಲಿನ್ಸ್ ಪಾಲು ಏನೂ ಇಲ್ಲವೇ?

ಇದೆ, ಅದನ್ನೂ ಹೇಳಲೇಬೇಕು. 1970ರ ದಶಕದ ಕೊನೆಯಲ್ಲಿ ಅವರ ಮೊದಲ ಮದುವೆ ಮುರಿಯಿತು. ಬ್ಯಾಂಡ್ ಸ್ವಲ್ಪ ಕಾಲ ಕೆಲಸ ನಿಲ್ಲಿಸಿತು. ಆ ಹೊತ್ತಿನಲ್ಲಿ ಕಾಲಿನ್ಸ್ ಮನೆಯಲ್ಲೇ ಕುಳಿತು ಕೀಬೋರ್ಡ್ ಮತ್ತು ಡ್ರಮ್ ಮಷಿನ್ ಇಟ್ಟುಕೊಂಡು ಸ್ವಂತ ಹಾಡುಗಳನ್ನು ರೆಕಾರ್ಡ್ ಮಾಡಿದರು. ಅವುಗಳಲ್ಲಿ ಹಲವು 1981ರ ‘ಫೇಸ್ ವ್ಯಾಲ್ಯೂ’ ಆಲ್ಬಮ್ ಸೇರಿದವು. ‘ಇನ್ ದಿ ಏರ್ ಟುನೈಟ್’ ಇರುವುದು ಅದರಲ್ಲೇ. ‘ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ ಎಂಬ ಅವರ ಹಾಡು ಜೆನೆಸಿಸ್‌ನ 1980ರ ‘ಡ್ಯೂಕ್’ ಆಲ್ಬಮ್‌ಗೆ ಬಂದು ಅಮೆರಿಕದಲ್ಲಿ 14ನೇ ಸ್ಥಾನ ಪಡೆಯಿತು. ಮರುವರ್ಷದ ‘ಅಬಕಾಬ್’ ಆಲ್ಬಮ್‌ನ ‘ನೋ ರಿಪ್ಲೈ ಅಟ್ ಆಲ್’ ಹಾಡಿನಲ್ಲಿ ಅಮೆರಿಕದ ‘ಅರ್ಥ್, ವಿಂಡ್ ಆ್ಯಂಡ್ ಫೈರ್’ ತಂಡದ ತುತ್ತೂರಿಗಳು ಮೊಳಗಿದವು. ಆ ವಾದಕರು ಮೊದಲು ನುಡಿಸಿದ್ದು ‘ಫೇಸ್ ವ್ಯಾಲ್ಯೂ’ನಲ್ಲಿ.

ಹೀಗೆ ಅವರ ಅಭಿರುಚಿ ಬ್ಯಾಂಡಿನೊಳಗೆ ಹರಿದದ್ದು ನಿಜ. ಆದರೆ ಆಗಲೇ ಶುರುವಾಗಿದ್ದ ಬದಲಾವಣೆಗೆ ಅದು ವೇಗ ಕೊಟ್ಟಿತು. ಒಬ್ಬರು ಬಾಗಿಲು ಒಡೆದು ಒಳನುಗ್ಗಿದ ಕಥೆ ಇದಲ್ಲ.

ನಿಜವಾಗಿ ಬದಲಾದದ್ದು ಕೆಲಸದ ರೀತಿ

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇದು. ಹಿಂದೆಲ್ಲ ಸದಸ್ಯರು ಮನೆಯಲ್ಲಿ ಉದ್ದುದ್ದ ತುಣುಕುಗಳನ್ನು ರಚಿಸಿ ತರುತ್ತಿದ್ದರು, ಅವನ್ನು ಒಂದಕ್ಕೊಂದು ಜೋಡಿಸಿ ಹಾಡು ಕಟ್ಟುತ್ತಿದ್ದರು. 1980ರ ದಶಕದ ಆರಂಭದಲ್ಲಿ ಅವರು ಸರ್‍ರೆಯ ಹಳ್ಳಿಗಾಡಿನಲ್ಲಿ ‘ದಿ ಫಾರ್ಮ್’ ಎಂಬ ಸ್ವಂತ ಸ್ಟುಡಿಯೋ ಮಾಡಿಕೊಂಡರು. ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ಚಿಂತೆ ಹೋಯಿತು. ಡ್ರಮ್ ಮಷಿನ್ ಓಡಿಸಿ, ಮೂವರೂ ಒಟ್ಟಿಗೆ ತೋಚಿದ್ದು ನುಡಿಸುತ್ತ, ಚೆನ್ನಾಗಿ ಬಂದದ್ದನ್ನು ಉಳಿಸಿಕೊಳ್ಳತೊಡಗಿದರು. 1983ರ ಆಲ್ಬಮ್‌ನಲ್ಲಿ ಎಲ್ಲ ಹಾಡುಗಳೂ ಮೂವರ ಹೆಸರಿನಲ್ಲೇ ಇವೆ. ಅದಕ್ಕೆ ಬ್ಯಾಂಡಿನ ಹೆಸರನ್ನೇ ಇಟ್ಟರು.

ಹೀಗೆ ಹುಟ್ಟುವ ಹಾಡು ಸಹಜವಾಗಿಯೇ ಬೇರೆ ಥರ ಇರುತ್ತದೆ. ಮಷಿನ್‌ನ ಲಯ ಒಂದೇ ಸಮ ಸಾಗುತ್ತದೆ. ಅದರ ಮೇಲೆ ಚಿಕ್ಕ, ಮರುಕಳಿಸುವ ರಾಗ ಚೆನ್ನಾಗಿ ಕೂರುತ್ತದೆ. ಕಾಗದದ ಮೇಲೆ ಯೋಜಿಸಿದಂಥ ಏಳು ಭಾಗಗಳ ಕಟ್ಟಡ ಹೀಗೆ ಏಳುವುದು ಕಷ್ಟ.

ಹೊರಗಿನ ಜಗತ್ತೂ ಬದಲಾಗುತ್ತಿತ್ತು. 1976-77ರಲ್ಲಿ ಬ್ರಿಟನ್‌ನಲ್ಲಿ ಪಂಕ್ ರಾಕ್ ಬಂದು ಉದ್ದದ ಹಾಡುಗಳನ್ನು ಗೇಲಿ ಮಾಡಿತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾಯಿತು. ಚಿಕ್ಕ ಹಾಡು, ಜೊತೆಗೊಂದು ವಿಡಿಯೋ ಎಂಬುದು ಹೊಸ ಪದ್ಧತಿಯಾಯಿತು. ಹಾಗಾಗಿಯೇ ದಾರಿ ಬದಲಿಸಿದ್ದು ಜೆನೆಸಿಸ್ ಒಂದೇ ಅಲ್ಲ. ‘ಯೆಸ್’ ಎಂಬ ಇನ್ನೊಂದು ಪ್ರೋಗ್ರೆಸಿವ್ ಬ್ಯಾಂಡ್ 1983ರಲ್ಲಿ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ ತಂದಿತು, ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಹಳೆಯ ಪ್ರೋಗ್ರೆಸಿವ್ ಕಲಾವಿದರು ಸೇರಿ ಕಟ್ಟಿದ ‘ಏಷ್ಯಾ’ ಬ್ಯಾಂಡ್ 1982ರಲ್ಲಿ ‘ಹೀಟ್ ಆಫ್ ದಿ ಮೊಮೆಂಟ್’ ಹಾಡಿನಿಂದ ಗೆದ್ದಿತು. ಕಾಲಿನ್ಸ್ ಒಬ್ಬರೇ ಕಾರಣವಾಗಿದ್ದರೆ, ಅವರಿಲ್ಲದ ಬ್ಯಾಂಡ್‌ಗಳೂ ಯಾಕೆ ಹೀಗೆ ಬದಲಾದವು?

‘ನಾಯಕ’ ಗೇಬ್ರಿಯಲ್ ಎಲ್ಲಿದ್ದರು?

1986ರ ಜುಲೈನಲ್ಲಿ ಅಮೆರಿಕದ ಪಟ್ಟಿಯಲ್ಲಿ ‘ಇನ್‌ವಿಸಿಬಲ್ ಟಚ್’ ಮೊದಲ ಸ್ಥಾನದಲ್ಲಿತ್ತು. ಮರುವಾರ ಅದನ್ನು ಕೆಳಗಿಳಿಸಿದ ಹಾಡು ‘ಸ್ಲೆಡ್ಜ್‌ಹ್ಯಾಮರ್’. ಹಾಡಿದವರು ಪೀಟರ್ ಗೇಬ್ರಿಯಲ್! ಕುಣಿಸುವ ಲಯದ, ಎಲ್ಲರ ಬಾಯಲ್ಲೂ ನಲಿದ ಹಾಡದು.

ಇನ್ನೊಂದು ಸಂಗತಿ. ಎಂಬತ್ತರ ದಶಕದ ಪಾಪ್‌ನಲ್ಲಿ ಡ್ರಮ್ಸ್ ‘ಧಡ್’ ಎಂದು ದೊಡ್ಡದಾಗಿ ಮೊಳಗಿ ಥಟ್ಟನೆ ನಿಲ್ಲುವ ಸದ್ದಿದೆಯಲ್ಲ, ಅದು ಪ್ರಸಿದ್ಧವಾಗಲು ಮುಖ್ಯ ಕಾರಣ ಗೇಬ್ರಿಯಲ್ ಅವರ 1980ರ ಆಲ್ಬಮ್. ಅದರ ‘ಇಂಟ್ರೂಡರ್’ ಹಾಡಿಗೆ ಡ್ರಮ್ಸ್ ನುಡಿಸಿದ್ದು ಕಾಲಿನ್ಸ್, ಧ್ವನಿ ಇಂಜಿನಿಯರ್ ಹ್ಯೂ ಪ್ಯಾಡ್‌ಗಮ್. ಅದೇ ಪ್ಯಾಡ್‌ಗಮ್ ಮುಂದೆ ‘ಅಬಕಾಬ್’ನಿಂದ ಜೆನೆಸಿಸ್ ಜೊತೆ ಕೆಲಸ ಮಾಡಿದರು. ಅಭಿಮಾನಿಗಳು ಎದುರುಬದುರು ನಿಲ್ಲಿಸಿದ ಇಬ್ಬರು ಒಂದೇ ಸ್ಟುಡಿಯೋದಲ್ಲಿ ಜೊತೆಯಾಗಿ ಹೊಸದನ್ನು ಹುಡುಕುತ್ತಿದ್ದರು.

ಕ್ಲಿಷ್ಟತೆ ಪೂರ್ತಿ ಮಾಯವಾಯಿತೇ?

ಇಲ್ಲ. 1980ರ ‘ಟರ್ನ್ ಇಟ್ ಆನ್ ಅಗೇನ್’ ಬ್ರಿಟನ್‌ನಲ್ಲಿ 8ನೇ ಸ್ಥಾನಕ್ಕೇರಿದ ಹಾಡು. ಅದಕ್ಕೆ ಚಪ್ಪಾಳೆ ತಟ್ಟಿ ನೋಡಿ, ಎಣಿಕೆ ತಪ್ಪುತ್ತದೆ. ಅದರ ಮುಖ್ಯ ಭಾಗ 13 ಎಣಿಕೆಯದು. ‘ಇನ್‌ವಿಸಿಬಲ್ ಟಚ್’ ಆಲ್ಬಮ್‌ನಲ್ಲೇ ‘ಡಾಮಿನೋ’ ಎಂಬ ಹತ್ತು ನಿಮಿಷಕ್ಕೂ ಮೀರಿದ ಹಾಡಿದೆ. 1991ರ ‘ವಿ ಕಾಂಟ್ ಡ್ಯಾನ್ಸ್’ನಲ್ಲಿ ಹತ್ತು ನಿಮಿಷ ದಾಟುವ ಎರಡು ಹಾಡುಗಳಿವೆ. ರೇಡಿಯೋದಲ್ಲಿ ಬಂದದ್ದು ಚಿಕ್ಕ ಹಾಡುಗಳು, ಹಾಗಾಗಿ ನೆನಪಿನಲ್ಲಿ ಉಳಿದದ್ದೂ ಅವೇ.

ನಿಷ್ಕರ್ಷೆ: ಭಾಗಶಃ ನಿಜ, ಆದರೆ ದಾರಿ ತಪ್ಪಿಸುವಂಥದ್ದು

ಜೆನೆಸಿಸ್ ಸರಳ ಪಾಪ್ ಕಡೆಗೆ ವಾಲಿದ್ದು ನಿಜ. ಕಾಲಿನ್ಸ್ ಅದರಲ್ಲಿ ಪಾತ್ರ ವಹಿಸಿದ್ದೂ ನಿಜ. ಅವರೊಬ್ಬರೇ ಬ್ಯಾಂಡನ್ನು ಹಾಳು ಮಾಡಿದರು ಎಂಬುದಕ್ಕೆ ಆಧಾರವಿಲ್ಲ. ಹಳೆಯ ಆಲ್ಬಮ್‌ಗಳೇ ಮೇಲು ಎನ್ನಲು ಯಾರಿಗೂ ಹಕ್ಕಿದೆ, ಅದು ಅಭಿರುಚಿ. ‘ಇವರೇ ಕೆಡಿಸಿದರು’ ಎಂದಾಗ ಅದು ಆಪಾದನೆ. ಆಪಾದನೆಗೆ ಪುರಾವೆ ಬೇಕು.

ಈ ಲೆಕ್ಕ ಸಂಗೀತಕ್ಕಷ್ಟೇ ಅಲ್ಲ. ‘ಇಂಥವರು ಬಂದರು, ಅಂದಿನಿಂದ ಎಲ್ಲ ಕೆಟ್ಟಿತು’ ಎಂಬ ಅಚ್ಚಿನಲ್ಲೇ ಊರು, ಶಾಲೆ, ಕಚೇರಿ, ಸಮುದಾಯಗಳ ಬಗ್ಗೆಯೂ ಫಾರ್ವರ್ಡ್‌ಗಳು ಬರುತ್ತವೆ. ಒಂದಾದ ಮೇಲೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ನಂಟು ಕಟ್ಟಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಹಂಚುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ:

• ಆ ವ್ಯಕ್ತಿ ಬರುವ ಮೊದಲೇ ಬದಲಾವಣೆ ಶುರುವಾಗಿತ್ತೇ?
• ಜೊತೆಗಿದ್ದ ಉಳಿದವರು ಏನು ಮಾಡುತ್ತಿದ್ದರು?
• ಆ ವ್ಯಕ್ತಿ ಇಲ್ಲದ ಕಡೆಯೂ ಹೀಗೇ ಆಯಿತೇ?

ಜೆನೆಸಿಸ್ ತನ್ನ ಕೊನೆಯ ಕಾರ್ಯಕ್ರಮ ಕೊಟ್ಟದ್ದು 2022ರ ಮಾರ್ಚ್ 26ರಂದು, ಲಂಡನ್‌ನ ಓ2 ಸಭಾಂಗಣದಲ್ಲಿ. ಆರೋಗ್ಯ ಕೆಟ್ಟಿದ್ದ ಕಾಲಿನ್ಸ್ ಕುರ್ಚಿಯಲ್ಲಿ ಕುಳಿತು ಹಾಡಿದರು. ಡ್ರಮ್ಸ್ ನುಡಿಸಿದ್ದು ಅವರ ಮಗ ನಿಕ್. ಆ ರಾತ್ರಿ ಪ್ರೇಕ್ಷಕರ ನಡುವೆ ಪೀಟರ್ ಗೇಬ್ರಿಯಲ್ ಕೂಡ ಇದ್ದರು.